ಮುಚ್ಚಿದ ಬಾಕ್ಸು, ಮೌನ ಜಪ

ಪೆಟ್ಟಾದ ಕಾಡುಹಕ್ಕಿಯನ್ನು ಎತ್ತಿ ತಂದ ಮನೆಯಲ್ಲಿ ಸಾಮಾನ್ಯವಾಗಿ ಒಬ್ಬರು ಕೊಕ್ಕು ಬಿಡಿಸಿ ನೀರು ಹನಿಸುತ್ತಾರೆ, ಇನ್ನೊಬ್ಬರು ಚೌಡಮ್ಮನಿಗೋ ಭೂತಪ್ಪನಿಗೋ ಹರಕೆ ಹೊರುತ್ತಾರೆ. ಹರಕೆ ಹೊರಲಿ, ನೀರು ಹನಿಸುವುದನ್ನು ಮಾತ್ರ ತಡೆಯಬೇಕು. ಹಕ್ಕಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿರುತ್ತದೆ. ತೀರ್ಥವಾಗಲಿ, ಗ್ಲೂಕೋಸ್ ನೀರಾಗಲಿ, ಅರೆಪ್ರಜ್ಞೆಯ ಹಕ್ಕಿಯ ಬಾಯಿಗೆ ಬಿಟ್ಟರೆ ಸೀದಾ ಶ್ವಾಸಕೋಶಕ್ಕೆ ಇಳಿಯುತ್ತದೆ. ಗಾಯದಿಂದ ಉಳಿಯಬಹುದಾಗಿದ್ದ ಹಕ್ಕಿ ಆ ನೀರಿನಿಂದ ಸಾಯುತ್ತದೆ.

ಹಾಗಾಗಿ ನಾನು ಪಾಲಿಸುವ ಕಟ್ಟುಪಾಡು ಇಷ್ಟೇ. ಪ್ರಾರ್ಥನೆ ಎಷ್ಟು ಬೇಕಾದರೂ ಇರಲಿ, ಪೂಜೆಯ ಪದಾರ್ಥ ಯಾವುದೂ ಹಕ್ಕಿಯನ್ನು ಮುಟ್ಟಬಾರದು. ಅರಿಶಿನ, ವಿಭೂತಿ ಗಾಯಕ್ಕೆ ಮೆತ್ತಿಕೊಂಡರೆ ವೈದ್ಯರಿಗೆ ಅದನ್ನು ತೊಳೆಯುವುದೇ ಮೊದಲ ಕೆಲಸವಾಗುತ್ತದೆ. ತುಪ್ಪ, ಕೊಬ್ಬರಿ ಎಣ್ಣೆ ತಗುಲಿದ ಗರಿಗಳು ಒಂದಕ್ಕೊಂದು ಅಂಟಿ, ಮೈ ಬೆಚ್ಚಗಿಡುವ ಗುಣವನ್ನೂ ನೀರು ತಡೆಯುವ ಗುಣವನ್ನೂ ಕಳೆದುಕೊಳ್ಳುತ್ತವೆ. ಆಗುಂಬೆ, ಹೊಸನಗರದ ಮಳೆಗಾಲದಲ್ಲಿ ಅಂಥ ಹಕ್ಕಿಯನ್ನು ಬಿಡುವುದೂ ಒಂದೇ, ಕೊಲ್ಲುವುದೂ ಒಂದೇ. ಊದುಬತ್ತಿ, ಲೋಬಾನ ಆ ಕೋಣೆಯಲ್ಲಿ ಬೇಡ. ಹಕ್ಕಿಯ ಶ್ವಾಸಕೋಶಕ್ಕೆ ಗಾಳಿಚೀಲಗಳೂ ಜೋಡಿಕೊಂಡಿರುವುದರಿಂದ ಹೊಗೆ ನಮಗಿಂತ ಬೇಗ ಅದನ್ನು ಹಾಳುಮಾಡುತ್ತದೆ. ಒದ್ದೆಯಾಗಿ ನಡುಗುವ ಹಕ್ಕಿಯನ್ನು ಬಚ್ಚಲೊಲೆಯ ಪಕ್ಕ ಇಡುವ ರೂಢಿಯೂ ಇದೇ ಕಾರಣಕ್ಕೆ ಅಪಾಯ.

ಇಡಬೇಕಾದ್ದು ಮುಚ್ಚಳವಿರುವ ರಟ್ಟಿನ ಬಾಕ್ಸಿನಲ್ಲಿ. ಪಿಕಳಾರದಷ್ಟು ದೊಡ್ಡ ಹಕ್ಕಿಗೆ ಶೂ ಬಾಕ್ಸು ಸಾಕು. ಪಕ್ಕದ ಗೋಡೆಗಳಲ್ಲಿ ಪೆನ್ಸಿಲ್ ಗಾತ್ರದ ತೂತುಗಳು ಹತ್ತಾದರೂ ಇರಲಿ, ಹಕ್ಕಿಯನ್ನು ಒಳಗಿಡುವ ಮೊದಲೇ ಕೊರೆದಿರಿ. ತಳಕ್ಕೆ ಹಳೆಯ ಹತ್ತಿಸೀರೆಯ ತುಂಡು ಒಳ್ಳೆಯದು. ಟರ್ಕಿ ಟವೆಲ್ಲು, ಕಂಬಳಿಯ ಎಳೆಗೆ ಉಗುರು ಸಿಕ್ಕಿಕೊಳ್ಳುತ್ತದೆ. ನುಣುಪಾದ ಅಡಿಕೆ ಹಾಳೆಯ ಮೇಲೆ ಕಾಲು ಅಗಲಕ್ಕೆ ಜಾರುತ್ತದೆ. ಹಕ್ಕಿಯ ಮೈಶಾಖವೇ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಆಘಾತವಾದಾಗ ಅದು ಬೇಗ ಇಳಿಯುತ್ತದೆ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಬಾಕ್ಸಿನ ಅರ್ಧಭಾಗಕ್ಕೆ ಮಾತ್ರ ತಾಗುವಂತೆ ಇಡುತ್ತೇನೆ. ಸೆಕೆಯೆನಿಸಿದರೆ ಹಕ್ಕಿ ಇನ್ನರ್ಧಕ್ಕೆ ಸರಿಯಬೇಕು. ಬಾಯಿ ತೆರೆದು ಏದುಸಿರು ಬಿಟ್ಟರೆ ಬಾಟಲಿ ತೆಗೆಯಬೇಕು. ಹಿಡಿಯುವಾಗ ಎದೆ ಅದುಮಬಾರದು, ಹಕ್ಕಿಗೆ ನಮ್ಮಂತೆ ವಪೆಯಿಲ್ಲ, ಅಂದರೆ ಎದೆ-ಹೊಟ್ಟೆಯ ನಡುವೆ ಉಸಿರೆಳೆಯುವ ಸ್ನಾಯುಪರದೆಯಿಲ್ಲ. ಎದೆಗೂಡು ಏರಿಳಿದರೆ ಮಾತ್ರ ಉಸಿರಾಟ.

ಮುಚ್ಚಳ ಹಾಕಿದ ಮೇಲೆ ಕೈಗೆ ಕೆಲಸವಿಲ್ಲ, ಕಷ್ಟ ಇರುವುದೇ ಅಲ್ಲಿ. ಮನಸ್ಸು ಕೇಳುವುದಿಲ್ಲ, ಐದು ನಿಮಿಷಕ್ಕೊಮ್ಮೆ ಮುಚ್ಚಳ ಎತ್ತಿ ನೋಡುತ್ತೇವೆ, ತಲೆ ಸವರುತ್ತೇವೆ, "ಏನಾಗಲ್ಲ ಮರಿ" ಎನ್ನುತ್ತೇವೆ. ಕಾಡುಹಕ್ಕಿಗೆ ನಮ್ಮ ಮುಖ ಬೇಟೆಯಾಡುವ ಪ್ರಾಣಿಯ ಮುಖ. ಸವರಿದಾಗ ಅದು ಸುಮ್ಮನಿರುವುದು ಭಯಕ್ಕೆ ಮರಗಟ್ಟಿ, ಸಮಾಧಾನದಿಂದಲ್ಲ. ಜಪದ ನಿಜವಾದ ಪ್ರಯೋಜನ ನನಗೆ ಗೊತ್ತಾದದ್ದು ಇಲ್ಲಿ. ಬಾಕ್ಸನ್ನು ಕತ್ತಲ ಉಗ್ರಾಣದಲ್ಲಿಟ್ಟು, ನಾನು ಜಗುಲಿಯಲ್ಲಿ ಮಣಿ ಹಿಡಿದು ಕೂರುತ್ತೇನೆ. ಒಂದು ಸುತ್ತು 108 ಮುಗಿಯುವವರೆಗೆ ಬಾಗಿಲ ಕಡೆ ಹೋಗುವುದಿಲ್ಲ, ಮುಗಿದ ಮೇಲೆ ಕಿವಿಗೊಟ್ಟು ಕೇಳುತ್ತೇನೆ, ಮುಚ್ಚಳ ತೆಗೆಯುವುದಿಲ್ಲ, ಮತ್ತೆ ಇನ್ನೊಂದು ಸುತ್ತಿಗೆ ಕೂರುತ್ತೇನೆ. ಕಿಟಕಿ ಗಾಜಿಗೆ ಬಡಿದ ಹಕ್ಕಿಗೆ ಬೇಕಾದ ಒಂದೆರಡು ಗಂಟೆಯ ಕತ್ತಲು ಹೀಗೆ ತಾನಾಗಿ ಸಿಗುತ್ತದೆ. ಗಂಟೆ, ಶಂಖ, ಭಜನೆ ಪಕ್ಕದ ಕೋಣೆಯಲ್ಲೂ ಬೇಡ. ದುವಾ ಮಾಡುವವರಿಗೂ, ಜಪಸರ ಹೇಳುವವರಿಗೂ ನನ್ನ ಕೋರಿಕೆ ಒಂದೇ: ತುಟಿ ಅಲುಗದೆ ಮಾಡಿ.

ಪ್ರಾರ್ಥಿಸುತ್ತ ಕಾಯಬಾರದ ಸಂದರ್ಭಗಳೂ ಇವೆ. ಬೆಕ್ಕು ಕಚ್ಚಿದ್ದರೆ, ಗಾಯ ಕಾಣದಿದ್ದರೂ ಸರಿ, ಅದೇ ದಿನ ವೈದ್ಯರ ಕೈಗೆ ಸೇರಬೇಕು. ಬೆಕ್ಕಿನ ಹಲ್ಲಿನಲ್ಲಿರುವ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲೇ ರಕ್ತಕ್ಕೆ ಹಬ್ಬಿ ಕೊಲ್ಲುತ್ತದೆ, ಆಂಟಿಬಯಾಟಿಕ್ ಬಿಟ್ಟರೆ ದಾರಿಯಿಲ್ಲ. ರೆಕ್ಕೆ ಜೋತಿದ್ದರೆ ಕಡ್ಡಿ ಕಟ್ಟಬೇಡಿ. ಹಕ್ಕಿಯ ಮೂಳೆ ಎರಡು ಮೂರು ವಾರದಲ್ಲಿ ಕೂಡಿಕೊಳ್ಳುತ್ತದೆ, ಸೊಟ್ಟಗೆ ಕೂಡಿದರೆ ಮತ್ತೆ ಹಾರಾಟವಿಲ್ಲ. ಮನುಷ್ಯರ ನೋವಿನ ಮಾತ್ರೆ ಕೊಡಲೇಬಾರದು. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಅರಣ್ಯ ಇಲಾಖೆಯ ಸಹಾಯವಾಣಿ 1926. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾಡುಹಕ್ಕಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಆದ್ದರಿಂದ ಮೊದಲ ದಿನವೇ ತಿಳಿಸುವುದು ಧರ್ಮವೂ ಹೌದು, ಕಾನೂನೂ ಹೌದು.

ನಮ್ಮ ಕಡೆಯವರಿಗೆ ಇನ್ನೊಂದು ಎಚ್ಚರಿಕೆ. ಮಂಗನ ಕಾಯಿಲೆ 1957ರಲ್ಲಿ ಗುರುತಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗುಗಳ ಮರಿಗಳು ಕಾಡುಕೋಳಿಯಂಥ ನೆಲದ ಹಕ್ಕಿಗಳ ಮೈಮೇಲೂ ಇರುತ್ತವೆ. ಡಿಸೆಂಬರಿನಿಂದ ಮೇ ತನಕ ಗ್ಲೌಸು, ತುಂಬುತೋಳಿನ ಅಂಗಿ ಇಲ್ಲದೆ ನಾನು ಮುಟ್ಟುವುದಿಲ್ಲ. ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ನಮ್ಮ ಕೈಕಾಲಿಗೆ, ಹಕ್ಕಿಗಲ್ಲ. ತೈಲ ಹಚ್ಚಿದ ಮೇಲೆ ಗ್ಲೌಸು ಹಾಕಿಕೊಳ್ಳಬೇಕು.

ಆಹಾರದ ವಿಷಯಕ್ಕೆ ಬಂದರೆ, ಮೈ ಬೆಚ್ಚಗಾಗುವ ತನಕ ಏನೂ ಬೇಡ. ಹಾಲು, ಮೊಸರನ್ನ, ಪಂಚಾಮೃತ ಯಾವತ್ತೂ ಬೇಡ, ಹಾಲಿನ ಸಕ್ಕರೆಯನ್ನು ಹಕ್ಕಿ ಅರಗಿಸಲಾರದು. ವೈದ್ಯರು ಹೇಳಿದ ಮೇಲೆ ಕುಟ್ರು ಹಕ್ಕಿಗೆ ಪಪ್ಪಾಯಿ, ಮಿಂಚುಳ್ಳಿಗೆ ಸಣ್ಣ ಮೀನು. ಗೂಬೆಗೆ ಬರೀ ಕೋಳಿಮಾಂಸ ಹಾಕಿದರೆ ಕ್ಯಾಲ್ಸಿಯಂ ಸಿಗುವುದಿಲ್ಲ, ಮೂಳೆ ಸಮೇತ ಇಲಿಯೇ ಬೇಕು.

ಗೂಬೆಯ ಮಾತು ಬಂದಾಗ ನಂಬಿಕೆಯ ಮಾತೂ ಬರುತ್ತದೆ. ಅದು ಮನೆಹೊಕ್ಕರೆ ಅಪಶಕುನವೆಂದು ಹಿರಿಯರು ಹೊರಗಿಡಲು ಹೇಳಿದಾಗ ಅವರೊಂದಿಗೆ ವಾದಕ್ಕಿಳಿಯಬೇಡಿ. "ಅಜ್ಜಿ, ಇದು ಲಕ್ಷ್ಮಿಯ ವಾಹನ, ಇವತ್ತೊಂದು ರಾತ್ರಿ ನೆರಳು ಕೊಡೋಣ" ಅಂದರೆ ಹೆಚ್ಚಿನವರು ಒಪ್ಪುತ್ತಾರೆ. ಗರುಡ ಸಿಕ್ಕಾಗ ತೊಂದರೆ ತಿರುವುಮುರುವು: ಕೇರಿಯವರೆಲ್ಲ ದರ್ಶನಕ್ಕೆ ಬರುತ್ತಾರೆ, ಕುಂಕುಮ ಹಚ್ಚಲು, ಪಾದ ಮುಟ್ಟಲು ನೋಡುತ್ತಾರೆ. ಆ ಪಾದದ ಉಗುರು ಬೆರಳಿಗೆ ಹೊಕ್ಕರೆ ಬಿಡಿಸುವುದು ಕಷ್ಟ. ಬಾಕ್ಸನ್ನು ಒಳಗಿಟ್ಟು ಹೊಸ್ತಿಲಲ್ಲೇ ನಮಸ್ಕಾರ ಮಾಡಿಸಿ ಕಳಿಸುತ್ತೇನೆ. ಇದರಿಂದ ಯಾರ ಭಕ್ತಿಗೂ ಕೊರತೆಯಾಗಿಲ್ಲ.

ಏನನ್ನು ಬೇಡಿಕೊಳ್ಳಬೇಕು ಎಂಬುದು ಮಾತ್ರ ನಿಜಕ್ಕೂ ಕಠಿಣ. "ಹೇಗಾದರೂ ಉಳಿಸು" ಎಂದು ಹರಕೆ ಹೊತ್ತವರು, ಕೀಲು ಪುಡಿಯಾದ ಹಕ್ಕಿಗೆ ಇನ್ನು ಹಾರಾಟವಿಲ್ಲ, ನೋವಿಲ್ಲದ ಸಾವೇ ದಯೆ ಎಂದು ವೈದ್ಯರು ಹೇಳಿದಾಗ ಕೇಳಲಾರರು. ಪಂಜರದಲ್ಲಿ ಸಾಕುತ್ತೇವೆ ಎನ್ನುತ್ತಾರೆ. ನಾನು "ಇದರ ನೋವು ಇಳಿಯಲಿ, ಇದಕ್ಕೆ ಯಾವುದು ಸರಿಯೋ ಅದನ್ನು ಮಾಡುವ ಧೈರ್ಯ ನನಗಿರಲಿ" ಎಂದಷ್ಟೇ ಬೇಡುತ್ತೇನೆ. ಜಟಾಯುವಿನ ಕತ್ತರಿಸಿದ ರೆಕ್ಕೆಯನ್ನು ರಾಮ ಕೂಡಿಸಲಿಲ್ಲ. ಕೊನೆಯ ಮಾತು ಕೇಳಿದ, ಸಂಸ್ಕಾರ ಮಾಡಿದ. ಆ ಪ್ರಸಂಗ ನನಗೆ ಬಹಳ ಸಲ ಆಸರೆಯಾಗಿದೆ. ಸತ್ತ ಹಕ್ಕಿಯನ್ನೂ ಅರಣ್ಯ ಇಲಾಖೆಯವರಿಗೆ ತಿಳಿಸಿ, ಅವರು ಹೇಳಿದಂತೆ, ನಾಯಿ ಕೆದಕದಷ್ಟು ಆಳದಲ್ಲಿ ಹೂಳಬೇಕು.

ಗುಣವಾದ ಹಕ್ಕಿಯನ್ನು ಬಿಡುವ ದಿನವನ್ನು ಪಂಚಾಂಗ ನೋಡಿ ಗೊತ್ತುಮಾಡುವುದಲ್ಲ. ಮುಚ್ಚಿದ ಕೋಣೆಯಲ್ಲಿ ಗಾಜಿಗೆಲ್ಲ ಪರದೆ ಕಟ್ಟಿ ಹಾರಿಸಿ ನೋಡಿದಾಗ ನೆಲದಿಂದ ಎತ್ತರಕ್ಕೆ ಏರಬೇಕು, ಎರಡೂ ರೆಕ್ಕೆ ಸಮನಾಗಿ ಆಡಬೇಕು, ದಿನವೂ ಬೆಳಿಗ್ಗೆ ಆಹಾರಕ್ಕೆ ಮೊದಲು ತೂಗಿದ ತೂಕ ಇಳಿಯದೆ ನಿಂತಿರಬೇಕು. ಇದನ್ನು ವೈದ್ಯರು, ಅರಣ್ಯ ಸಿಬ್ಬಂದಿ ಒಪ್ಪಿದ ಮೇಲೆ, ಸಿಕ್ಕ ಜಾಗದಲ್ಲೇ ಬೆಳಗಿನ ಹೊತ್ತು ಬಿಡುವುದು, ಗೂಬೆಯಾದರೆ ಮುಸ್ಸಂಜೆ. ಮಳೆಗಾಲದಲ್ಲಿ ಹೊಳವಾಗುವ ತನಕ ಕಾಯಬೇಕು. ಕಾಲಿಗೆ ದಾರ ಕಟ್ಟಬಾರದು, ಕೊಂಬೆಗೆ ಸಿಕ್ಕಿ ನೇತಾಡುತ್ತದೆ. ಬಾಕ್ಸನ್ನು ಪೊದೆಯ ಹತ್ತಿರ ನೆಲಕ್ಕಿಟ್ಟು, ಮುಚ್ಚಳ ತೆಗೆದು, ಹತ್ತು ಹೆಜ್ಜೆ ಹಿಂದೆ ಸರಿದು ನಿಲ್ಲಿ. ಗಾಳಿಗೆ ಎಸೆಯಬೇಡಿ. ಹರಕೆಯ ಕಾಯಿಯನ್ನು ಆಮೇಲೆ ಗುಡಿಗೆ ಹೋಗಿ ಒಡೆಯಿರಿ.