ಸರ್ವರ್ ಲಾಗ್‌ನಲ್ಲಿ ಓದುಗರ ಜಾಡು ಹಿಡಿಯುವುದು ಹೇಗೆ?

ವೆಬ್‌ಸೈಟ್ ನಡೆಸುವವರ ಸರ್ವರ್‌ನಲ್ಲಿ ಆಕ್ಸೆಸ್ ಲಾಗ್ ಎಂಬ ಫೈಲ್ ಇರುತ್ತದೆ. ಯಾವ ಪುಟವನ್ನು ಯಾವಾಗ ಎಲ್ಲಿಂದ ಕೇಳಿದರು ಎಂಬುದೆಲ್ಲ ಅದರಲ್ಲಿ ದಾಖಲಾಗುತ್ತಲೇ ಇರುತ್ತದೆ. ಡಿಸ್ಕ್ ತುಂಬಿದಾಗ ಅಳಿಸುವುದಕ್ಕೆ ಬಿಟ್ಟರೆ ಜಾಸ್ತಿ ಜನ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಡೇಟಾ ಮೈನಿಂಗ್ (ರಾಶಿ ಮಾಹಿತಿಯಲ್ಲಿ ಅಡಗಿರುವ ನಂಟು ಹುಡುಕುವುದು) ಕಲಿಯಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದು ಕಷ್ಟ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಅಲ್ಗಾರಿದಮ್ ಓಡಿಸಲು ಹತ್ತು ನಿಮಿಷ ಸಾಕು. ಅದಕ್ಕೂ ಮುಂಚೆ ಕಸ ಗುಡಿಸುವುದಕ್ಕೇ ದಿನಗಟ್ಟಲೆ ಬೇಕು.

1. ಸಾಲು ಬಿಡಿಸಿ

ಸರ್ವರ್ ತಂತ್ರಾಂಶ ಅಪಾಚೆ ಇರಲಿ, ಎಂಜಿನ್‌ಎಕ್ಸ್ ಇರಲಿ, ಒಂದು ಕೋರಿಕೆಗೆ ಒಂದು ಸಾಲು. ಅದರಲ್ಲಿ ಐಪಿ ವಿಳಾಸ, ಸಮಯ, ಕೇಳಿದ ಪುಟ, 200 (ಪುಟ ಸಿಕ್ಕಿತು) ಅಥವಾ 404ರಂಥ (ಪುಟ ಇಲ್ಲ) ಸ್ಟೇಟಸ್ ಕೋಡ್, ಕಳಿಸಿದ ಬೈಟ್‌ಗಳ ಲೆಕ್ಕ ಇರುತ್ತವೆ. ‘ಕಂಬೈನ್ಡ್’ ಮಾದರಿಯಲ್ಲಿ ರೆಫರರ್ (ಯಾವ ಪುಟದ ಲಿಂಕ್ ಹಿಡಿದು ಬಂದರು), ಯೂಸರ್ ಏಜೆಂಟ್ (ಯಾವ ಬ್ರೌಸರ್ ಅಥವಾ ಪ್ರೋಗ್ರಾಂ ಕೇಳಿತು) ಕೂಡ ಸಿಗುತ್ತವೆ. ಪೈಥಾನ್‌ನಲ್ಲಿ ಇವನ್ನು ಬೇರೆಬೇರೆ ಕಾಲಂಗಳಾಗಿ ಒಡೆದು ಪಾಂಡಾಸ್ ಎಂಬ ಕೋಷ್ಟಕದ ಲೈಬ್ರರಿಗೆ ಹಾಕಿಕೊಳ್ಳಿ. ಮೂಲ ಫೈಲ್ ಮುಟ್ಟಬೇಡಿ, ನಕಲಿನ ಮೇಲೆ ಕೆಲಸ ಮಾಡಿ.

2. ಕಸ ಗುಡಿಸಿ

ಓದುಗ ಒಂದು ಪುಟ ತೆರೆದರೆ ಲಾಗ್‌ನಲ್ಲಿ ಮೂವತ್ತು ನಲವತ್ತು ಸಾಲು ಬೀಳಬಹುದು. ಚಿತ್ರ, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಎಲ್ಲವೂ ಬೇರೆಬೇರೆ ಕೋರಿಕೆ, ಅಲ್ವಾ? ಅವನ್ನೆಲ್ಲ ತೆಗೆಯಿರಿ. 404 ಸಾಲುಗಳನ್ನು ಮಾತ್ರ ಬೇರೆ ಫೈಲಿನಲ್ಲಿಡಿ. ಮುರಿದ ಲಿಂಕ್ ಎಲ್ಲಿದೆ ಎಂದು ರೆಫರರ್ ನೋಡಿದರೆ ಗೊತ್ತಾಗುತ್ತದೆ.

ಆಮೇಲೆ ಬಾಟ್‌ಗಳು, ಅಂದರೆ ತಾವಾಗಿಯೇ ಪುಟ ಕೇಳುವ ಪ್ರೋಗ್ರಾಂಗಳು. ಕೆಲವು ಯೂಸರ್ ಏಜೆಂಟ್‌ನಲ್ಲೇ ಹೆಸರು ಹೇಳಿಕೊಳ್ಳುತ್ತವೆ. ಕೆಲವು ಗೂಗಲ್‌ಬಾಟ್ ಎಂದು ಸುಳ್ಳು ಹೇಳುತ್ತವೆ. ರಿವರ್ಸ್ ಡಿಎನ್‌ಎಸ್ (ಐಪಿಯಿಂದ ಅದರ ಡೊಮೇನ್ ಹೆಸರು ಹುಡುಕುವುದು) ನೋಡಿದರೆ ಸಿಕ್ಕಿಬೀಳುತ್ತವೆ. ನಿಮಿಷಕ್ಕೆ ನೂರು ಪುಟ ಕೇಳುವವನು ಮನುಷ್ಯನಲ್ಲ. ವರ್ಡ್‌ಪ್ರೆಸ್ಸೇ ಇಲ್ಲದ ಸೈಟಿನಲ್ಲಿ ವರ್ಡ್‌ಪ್ರೆಸ್ ಲಾಗಿನ್ ಪುಟ ಹುಡುಕುವವನಂತೂ ಖಂಡಿತ ಓದುಗನಲ್ಲ.

3. ಭೇಟಿಗಳಾಗಿ ಕಟ್ಟಿ

ಇಡೀ ಕೆಲಸದ ಕಷ್ಟದ ಭಾಗ ಇದು. ಲಾಗ್‌ಗೆ ಗೊತ್ತಿರುವುದು ಕೋರಿಕೆಗಳು ಮಾತ್ರ, ಮನುಷ್ಯರಲ್ಲ. ಒಂದೇ ಐಪಿ ಹಿಂದೆ ಇಡೀ ಆಫೀಸೇ ಇರಬಹುದು. ಹಾಗಾಗಿ ಐಪಿ ಮತ್ತು ಯೂಸರ್ ಏಜೆಂಟ್ ಎರಡನ್ನೂ ಸೇರಿಸಿ ಒಬ್ಬ ಓದುಗ ಎಂದು ಅಂದುಕೊಳ್ಳುತ್ತೇವೆ. ಎರಡು ಕೋರಿಕೆಗಳ ನಡುವೆ 30 ನಿಮಿಷಕ್ಕಿಂತ ಹೆಚ್ಚು ಅಂತರವಿದ್ದರೆ ಹೊಸ ಸೆಷನ್ (ಭೇಟಿ) ಎನ್ನುವುದು ರೂಢಿ. 203.0.113.7 ಎಂಬ ವಿಳಾಸದಿಂದ 10:02, 10:05, 10:09ಕ್ಕೆ ಕೋರಿಕೆ ಬಂತು, ಮುಂದಿನದು 10:52ಕ್ಕೆ ಅಂದುಕೊಳ್ಳಿ. ಅಲ್ಲಿ ಎರಡು ಸೆಷನ್. ಆದರೆ 10:09ಕ್ಕೆ ತೆರೆದ ಪುಟ ಉದ್ದನೆಯ ಲೇಖನವಾಗಿದ್ದರೆ? ಆತ ಇನ್ನೂ ಓದುತ್ತಿದ್ದಿರಬಹುದು. 30ರ ಬದಲು 60 ಇಟ್ಟು ಒಮ್ಮೆ ಹೋಲಿಸಿ ನೋಡಿ. ಸೆಷನ್ ಕಟ್ಟಿ ಮುಗಿದ ಮೇಲೆ ಐಪಿ ಅಳಿಸಿ, ಬರೀ ಕ್ರಮಸಂಖ್ಯೆ ಇಟ್ಟುಕೊಳ್ಳಿ. ಅದು ಓದುಗರ ಖಾಸಗಿ ಮಾಹಿತಿ.

4. ಜೋಡಿ ಹುಡುಕಿ

ಈಗ ಅಪ್ರಿಯೋರಿ. 1994ರಲ್ಲಿ ರಾಕೇಶ್ ಅಗರವಾಲ್ ಮತ್ತು ರಾಮಕೃಷ್ಣನ್ ಶ್ರೀಕಾಂತ್ ಕೊಟ್ಟ ಅಲ್ಗಾರಿದಮ್ ಇದು. ಅಂಗಡಿ ಬಿಲ್‌ನಲ್ಲಿ ಯಾವ ಸಾಮಾನು ಯಾವುದರ ಜೊತೆ ಹೋಗುತ್ತದೆ ಎಂದು ಹುಡುಕಲು ಬಂದದ್ದು. ಇಲ್ಲಿ ಸೆಷನ್ನೇ ಬಿಲ್, ಪುಟಗಳೇ ಸಾಮಾನು.

1000 ಸೆಷನ್ ಇವೆ ಎನ್ನೋಣ. ಬೆಲೆಪಟ್ಟಿ ನೋಡಿದ್ದು 200, ಸಂಪರ್ಕ ಪುಟ ನೋಡಿದ್ದು 100, ಎರಡನ್ನೂ ನೋಡಿದ್ದು 60. ಎಲ್ಲ ಸೆಷನ್‌ಗಳಲ್ಲಿ ಎರಡೂ ಇರುವ ಪಾಲು, ಅಂದರೆ ಸಪೋರ್ಟ್, 6%. ಬೆಲೆಪಟ್ಟಿ ನೋಡಿದವರಲ್ಲಿ 30% ಜನ ಸಂಪರ್ಕ ಪುಟವನ್ನೂ ನೋಡಿದ್ದಾರೆ, ಅದು ಕಾನ್ಫಿಡೆನ್ಸ್. ಒಟ್ಟಾರೆ ಲೆಕ್ಕದಲ್ಲಿ ಆ ಪುಟ ನೋಡುವವರು 10% ಮಾತ್ರ. 30ನ್ನು 10ರಿಂದ ಭಾಗಿಸಿದರೆ ಬರುವುದು ಲಿಫ್ಟ್. ಇಲ್ಲಿ ಅದು 3, ನಂಟಿದೆ. ಮುಖಪುಟವನ್ನು 90% ಸೆಷನ್‌ಗಳು ಹೇಗಿದ್ದರೂ ಮುಟ್ಟುತ್ತವೆ. ಬೆಲೆಪಟ್ಟಿ ನೋಡಿದವರಲ್ಲಿ ಮುಖಪುಟದ ಕಾನ್ಫಿಡೆನ್ಸ್ 90% ಬಂದರೆ ಖುಷಿಪಡಬೇಡಿ, ಲಿಫ್ಟ್ ಸುಮ್ನೆ 1.

ಓದುಗರನ್ನು ಗುಂಪು ಮಾಡಬೇಕಿದ್ದರೆ ಕೆ-ಮೀನ್ಸ್ ಇದೆ. ಶುರುವಿಗೆ ಅದು ಬೇಕಿಲ್ಲ.

5. ನಂಬುವ ಮುಂಚೆ ಸಾಲುಗಳಿಗೆ ವಾಪಸ್ ಹೋಗಿ

ನನಗೆ ಮೊದಲ ಸಲ ಸಿಕ್ಕ ದೊಡ್ಡ ‘ಸಂಶೋಧನೆ’ ಎಂದರೆ, ಲಾಗಿನ್ ಪುಟ ನೋಡಿದವರೆಲ್ಲ ಹುಡುಕಾಟದ ಪುಟಕ್ಕೂ ಹೋಗುತ್ತಾರೆ ಎನ್ನುವುದು. ಕಾನ್ಫಿಡೆನ್ಸ್ ಹೆಚ್ಚೂಕಡಿಮೆ 100%. ಸಾಲು ತೆರೆದು ನೋಡಿದರೆ, ಸೈಟ್ ಬದುಕಿದೆಯೇ ಎಂದು ಗಂಟೆಗೊಮ್ಮೆ ಆ ಎರಡು ಪುಟ ತಟ್ಟುವಂತೆ ನಾನೇ ಇಟ್ಟಿದ್ದ ಸ್ಕ್ರಿಪ್ಟ್! ಗಂಟೆಗೊಮ್ಮೆ ಬಂದದ್ದರಿಂದ ಪ್ರತಿ ಸಲವೂ ಹೊಸ ಸೆಷನ್ ಆಗಿತ್ತು. ಅದರ ಹೆಸರನ್ನು ಬಾಟ್ ಪಟ್ಟಿಗೆ ಸೇರಿಸಿ ಎರಡನೇ ಹಂತದಿಂದ ಮತ್ತೆ ಶುರು ಮಾಡಿದೆ.