ಗಡಿ ಯಾವಾಗ ಮುಚ್ಚುತ್ತದೋ ಗೊತ್ತಿಲ್ಲದಾಗ ಯುರೋಪ್ ಸುತ್ತುವುದು ಹೇಗೆ

ಕೋವಿಡ್ ಕಾಲದ 2021ರ ಜೂನ್ 3, ಗುರುವಾರ. ಪೋರ್ಚುಗಲ್ಲನ್ನು ಮರಳಿದವರಿಗೆ ಕ್ವಾರಂಟೈನ್ ಇಲ್ಲದ ಹಸಿರು ಪಟ್ಟಿಯಿಂದ ಕಿತ್ತು ಆಂಬರ್ ಪಟ್ಟಿಗೆ ಹಾಕುತ್ತೇವೆ ಎಂದು ಬ್ರಿಟನ್ ಸರ್ಕಾರ ಘೋಷಿಸಿತು. ಜೂನ್ 8ರ ಬೆಳಗಿನ ಜಾವ 4 ಗಂಟೆಯಿಂದ ಜಾರಿ. ಅಷ್ಟರೊಳಗೆ ವಾಪಸಾದವರು ಬಚಾವಾದರು. ತಡವಾದವರು 10 ದಿನ ಮನೆಯೊಳಗೇ ಕೂರಬೇಕಾಯಿತು. ಅದೇ ತಿಂಗಳ 29ರಿಂದ ಜರ್ಮನಿಯೂ ಪೋರ್ಚುಗಲ್ಲನ್ನು ರೂಪಾಂತರಿ ವೈರಸ್ ಪ್ರದೇಶ ಎಂದು ಗುರುತಿಸಿತು. ಅಲ್ಲಿಂದ ಮರಳಿದವರಿಗೆ, ಲಸಿಕೆ ಪೂರ್ತಿಯಾಗಿದ್ದರೂ, 14 ದಿನ ಕ್ವಾರಂಟೈನ್. ಪೋರ್ಚುಗಲ್ ಒಳಗೆ ಹೋಗುವುದು ಎರಡೂ ಸಲ ಕಷ್ಟವಾಗಿರಲಿಲ್ಲ. ಜನ ಸಿಕ್ಕಿಬಿದ್ದದ್ದು ಹಿಂತಿರುಗುವಾಗ. ಕೆಳಗಿನ ಸಲಹೆಗಳು ಆ ವರ್ಷದ ನಿಯಮಗಳನ್ನು ನೋಡಿಕೊಂಡು ಹೇಳಿದವು.

ನಿರ್ಬಂಧಗಳ ವರ್ಷದಲ್ಲಿ ಪ್ರವಾಸದ ಲೆಕ್ಕವನ್ನು ಅದಕ್ಕೇ ಬಾಲದ ಕಡೆಯಿಂದ ಹಾಕಬೇಕು. ಮನೆಗೆ ಮರಳಲು ನೀವು ವಾಸಿಸುವ ದೇಶ ಏನು ಕೇಳುತ್ತದೆ ಎಂಬುದು ಮೊದಲು. ದಾರಿಯಲ್ಲಿ ಸಿಗುವ ದೇಶಗಳು ಏನು ಕೇಳುತ್ತವೆ ಎಂಬುದು ಆಮೇಲೆ. ಹೋಗುವ ಊರಿನ ನಿಯಮ ಕೊನೆಯದು. ಬಹಳ ಜನ ಇದನ್ನು ತಲೆಕೆಳಗಾಗಿ ಮಾಡಿ, ನೋಡಬೇಕಾದ ಜಾಗ ಗೊತ್ತುಮಾಡಿಕೊಂಡು ನಿಯಮ ಹುಡುಕುತ್ತಿದ್ದರು. 2021ರಲ್ಲಿ ಚೆನ್ನಾಗಿ ಕೈಹಿಡಿದ ಪ್ರವಾಸಗಳಲ್ಲಿ ಒಂದು ಸಾಮಾನ್ಯ ಗುಣವಿತ್ತು: ಎಲ್ಲಿ ಬೇಕಾದರೂ ಅರ್ಧಕ್ಕೆ ನಿಲ್ಲಿಸಿ, ಗಡಿ ದಾಟದೆ, ಬಂದ ದಾರಿಯಲ್ಲೇ ವಾಪಸಾಗಬಹುದಿತ್ತು.

ವಾರದ ಗಡಿಯಾರ

ನಿಯಮಗಳು ಯಾವ ಗಳಿಗೆಯಲ್ಲಾದರೂ ಬದಲಾಗಬಹುದು ಎಂದು ಅನ್ನಿಸುತ್ತಿತ್ತು. ಆದರೆ ಬದಲಾವಣೆಗಳಿಗೆ ಒಂದು ವಾರದ ಲಯ ಇತ್ತು. ಯುರೋಪಿನ ರೋಗ ನಿಯಂತ್ರಣ ಕೇಂದ್ರದ (ಇಸಿಡಿಸಿ) ಹಸಿರು, ಕಿತ್ತಳೆ, ಕೆಂಪು, ಕಡುಗೆಂಪು ಬಣ್ಣಗಳ ನಕ್ಷೆ ಗುರುವಾರ ಹೊಸದಾಗುತ್ತಿತ್ತು. ಜರ್ಮನಿಯ ಅಪಾಯದ ಪ್ರದೇಶಗಳ ಪಟ್ಟಿ ಸಾಮಾನ್ಯವಾಗಿ ಶುಕ್ರವಾರ ಬಂದು, ಶನಿವಾರ ಮಧ್ಯರಾತ್ರಿ ಕಳೆದ ಕೂಡಲೇ ಜಾರಿಯಾಗುತ್ತಿತ್ತು. ಮೇಲೆ ಹೇಳಿದ ಪೋರ್ಚುಗಲ್ ತೀರ್ಮಾನಗಳೂ ಗುರುವಾರ, ಶುಕ್ರವಾರಗಳಂದೇ ಹೊರಬಿದ್ದವು.

ಇದರಿಂದ ಆಗ ಸಿಗುತ್ತಿದ್ದ ಉಪಾಯ ಸರಳ. ಶುಕ್ರವಾರ ಸಂಜೆ ಪಟ್ಟಿ ನೋಡಿ, ಶನಿವಾರ ಅಥವಾ ಭಾನುವಾರ ಹೊರಟು, ಮುಂದಿನ ಗುರುವಾರದೊಳಗೆ ವಾಪಸಾಗುವುದು. ನಾಲ್ಕೈದು ದಿನಗಳ ಈ ಕಿಂಡಿಯಲ್ಲಿ ನೆಲ ಕುಸಿಯುವ ಸಾಧ್ಯತೆ ಕಡಿಮೆಯಿತ್ತು. ಎರಡು ವಾರದ ಪ್ರವಾಸ ಎಂದರೆ ನಡುವೆ ಎರಡು ಶುಕ್ರವಾರ ಬರುತ್ತಿದ್ದವು, ಅಂದರೆ ಎರಡು ಸಲ ಪಣಕ್ಕೆ ಕೂತಂತೆ.

ಕಾಗದಪತ್ರ: ತಪ್ಪುವುದು ಇಲ್ಲೇ

2021ರ ಜುಲೈ 1ರಂದು ಐರೋಪ್ಯ ಒಕ್ಕೂಟದ ಡಿಜಿಟಲ್ ಕೋವಿಡ್ ಪ್ರಮಾಣಪತ್ರ ಜಾರಿಗೆ ಬಂತು. ಲಸಿಕೆ ಆಗಿದೆ, ಪರೀಕ್ಷೆ ನೆಗೆಟಿವ್ ಬಂದಿದೆ, ಅಥವಾ ಕೋವಿಡ್‌ನಿಂದ ಗುಣವಾಗಿದೆ ಎಂಬ ಮೂರರಲ್ಲಿ ಒಂದನ್ನು ಅದು ಹೇಳುತ್ತಿತ್ತು. ಪ್ರಯಾಣಕ್ಕೆ ಕೊನೆಯ ಡೋಸ್ ಆಗಿ 14 ದಿನ ಕಳೆದಿರಬೇಕಿತ್ತು. ಗುಣಮುಖ ಪತ್ರಕ್ಕೆ ಹೆಚ್ಚೆಂದರೆ 180 ದಿನ ಆಯಸ್ಸು. ಪಿಸಿಆರ್ ಪರೀಕ್ಷೆಗೆ 72 ಗಂಟೆ, ರ‍್ಯಾಪಿಡ್ ಆಂಟಿಜನ್‌ಗೆ 48 ಗಂಟೆ. ಮನೆಯಲ್ಲೇ ಮಾಡಿಕೊಳ್ಳುವ ಕಿಟ್ ಈ ಪ್ರಮಾಣಪತ್ರಕ್ಕೆ ಲೆಕ್ಕಕ್ಕಿರಲಿಲ್ಲ.

ಗಂಟೆಗಳ ಲೆಕ್ಕ ಶುರುವಾಗುತ್ತಿದ್ದದ್ದು ಸ್ವಾಬ್ ತೆಗೆದ ಹೊತ್ತಿನಿಂದ, ಫಲಿತಾಂಶ ಕೈಗೆ ಬಂದ ಹೊತ್ತಿನಿಂದ ಅಲ್ಲ. ಶನಿವಾರ ಬೆಳಿಗ್ಗೆ 10ಕ್ಕೆ ಗಡಿ ತಲುಪುತ್ತೀರಿ ಎಂದುಕೊಳ್ಳಿ. ಪಿಸಿಆರ್ ಆದರೆ ಬುಧವಾರ ಬೆಳಿಗ್ಗೆ 10ರ ನಂತರದ ಸ್ವಾಬ್ ಮಾತ್ರ ನಡೆಯುತ್ತಿತ್ತು. ಬುಧವಾರ ಬೆಳಿಗ್ಗೆ 11ಕ್ಕೇ ಕೊಟ್ಟರೆ ಕೈಯಲ್ಲಿ ಉಳಿಯುವುದು ಒಂದೇ ಗಂಟೆ. ರೈಲು ಎರಡು ಗಂಟೆ ತಡವಾದರೆ ಪತ್ರ ಸತ್ತುಹೋಯಿತು. ಗುರುವಾರ ಬೆಳಿಗ್ಗೆ ಕೊಟ್ಟರೆ ಲ್ಯಾಬಿಗೂ ಒಂದೂವರೆ ದಿನ ಸಿಗುತ್ತದೆ, ನಿಮಗೂ 20 ಗಂಟೆಗಿಂತ ಹೆಚ್ಚು ಉಳಿಯುತ್ತದೆ. ಆಂಟಿಜನ್ ಆದರೆ ಶುಕ್ರವಾರ ಬೆಳಿಗ್ಗೆ ಸರಿಯಾದ ಹೊತ್ತು. ವಾಪಸಾತಿಗೂ ಪರೀಕ್ಷೆ ಬೇಕಿದ್ದರೆ ಅದರ ಅಪಾಯಿಂಟ್‌ಮೆಂಟನ್ನು ಹೊರಡುವ ಮೊದಲೇ ಮಾಡಿಕೊಳ್ಳಿ. ಬೆಟ್ಟದ ಊರುಗಳ ಪರೀಕ್ಷಾ ಕೇಂದ್ರಗಳು ಭಾನುವಾರ ತೆರೆದೇ ಇರುತ್ತವೆ ಎಂದು ನಂಬುವ ಹಾಗಿರಲಿಲ್ಲ.

ಪ್ರಮಾಣಪತ್ರ ಕೈಗೆ ಬಂದ ಮೇಲೆ ಫೋನಿನ ಸಾಮಾನ್ಯ ಕ್ಯುಆರ್ ಓದುವ ಆ್ಯಪ್‌ನಲ್ಲಿ ಒಮ್ಮೆ ಸ್ಕ್ಯಾನ್ ಮಾಡಿ ನೋಡಬೇಕಿತ್ತು. ನಿಜವಾದ ಒಕ್ಕೂಟದ ಪತ್ರವಾದರೆ ಎಚ್, ಸಿ, 1 ಎಂದು ಶುರುವಾಗುವ, ಅರ್ಥವಾಗದ ಉದ್ದನೆಯ ಅಕ್ಷರಮಾಲೆ ಬರುತ್ತಿತ್ತು. ಅದರ ಬದಲು ಯಾವುದೋ ವೆಬ್ ವಿಳಾಸ ತೆರೆದುಕೊಂಡರೆ, ಅದು ಲ್ಯಾಬಿನ ಸ್ವಂತ ಕ್ಯುಆರ್. ನಿಮ್ಮ ವರದಿ ಸುಳ್ಳಲ್ಲ, ಆದರೆ ಪ್ರಮಾಣಪತ್ರ ತಪಾಸಣೆಯ ಆ್ಯಪ್‌ಗಳಾದ ಇಟಲಿಯ ವೆರಿಫಿಕಾ ಸಿ19 ಆಗಲಿ ಜರ್ಮನಿಯ ಕೋವ್‌ಪಾಸ್‌ಚೆಕ್ ಆಗಲಿ ಅದನ್ನು ಓದುತ್ತಿರಲಿಲ್ಲ. ಲ್ಯಾಬಿಗೆ ಹೇಳಿ ಒಕ್ಕೂಟದ ಪತ್ರವನ್ನೇ ಕೇಳಿ ಪಡೆಯಬೇಕಿತ್ತು.

ಇನ್ನು ಹೆಸರು. ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಬಿಡಿಸಿ ಬರೆದಿದ್ದು, ಪರೀಕ್ಷೆಯ ಪತ್ರದಲ್ಲಿ ಬರೀ ಇನಿಷಿಯಲ್ ಇದ್ದರೆ ತಕರಾರು ಖಾತ್ರಿ. ಪಾಸ್‌ಪೋರ್ಟಿನ ಕೆಳಗಿನ ಎರಡು ಸಾಲಿನ ಅಕ್ಷರಗಳಲ್ಲಿ ಹೇಗಿದೆಯೋ ಹಾಗೇ ನೋಂದಾಯಿಸಿ. ಪತ್ರವನ್ನು ಎ4 ಹಾಳೆಯಲ್ಲಿ ಮುದ್ರಿಸಿ, ಮಡಿಕೆ ಕ್ಯುಆರ್ ಮೇಲೆ ಬೀಳದ ಹಾಗೆ ಮಡಚಿಡಿ. ಫೋನಿನ ಬ್ಯಾಟರಿ ಕೈಕೊಡುವುದು ಸುರಂಗದ ನಡುವೆ ತಪಾಸಣೆ ಬಂದಾಗಲೇ.

ಇದರ ಜೊತೆಗೆ ಪ್ರಯಾಣಿಕರ ಮಾಹಿತಿ ಅರ್ಜಿ, ಅಂದರೆ ಪಿಎಲ್‌ಎಫ್. ಗ್ರೀಸ್, ಇಟಲಿ, ಸ್ಪೇನ್ ಎಲ್ಲಕ್ಕೂ ಬೇರೆ ಬೇರೆ ಇದ್ದವು. ಮೊದಲ ರಾತ್ರಿ ತಂಗುವ ವಿಳಾಸ, ರೈಲು ಅಥವಾ ವಿಮಾನದ ಸಂಖ್ಯೆ, ಸೀಟು ಕೇಳುತ್ತಿದ್ದರು. ರೈಲು ಬದಲಿಸಿದರೆ ಅರ್ಜಿಯನ್ನೂ ಬದಲಿಸಬೇಕಿತ್ತು.

ಮಾಸ್ಕ್ ವಿಷಯಕ್ಕೆ ಒಂದೇ ಮಾತು: ಎಫ್‌ಎಫ್‌ಪಿ2 (ಎನ್95 ಬಗೆಯ ಮಾಸ್ಕ್) ಒಯ್ಯಬೇಕಿತ್ತು. ಜರ್ಮನಿಯ ಬವೇರಿಯದಲ್ಲಿ 2021ರ ಜನವರಿ 18ರಿಂದ, ಆಸ್ಟ್ರಿಯದಲ್ಲಿ ಜನವರಿ 25ರಿಂದ ಬಸ್ಸು, ರೈಲಿಗೆ ಅದೇ ಆಗಬೇಕಿತ್ತು. ಬಟ್ಟೆ ಮಾಸ್ಕ್ ನಡೆಯುತ್ತಿರಲಿಲ್ಲ. ದಿನಕ್ಕೆ ಎರಡರಂತೆ ಇಟ್ಟುಕೊಳ್ಳಬೇಕಿತ್ತು.

ಬರ್ನಿನಾ ಮಾರ್ಗ: ಗಡಿಗೆ ಮುನ್ನ ಇಳಿದುಬಿಡಿ

ಆ ವರ್ಷಕ್ಕೇ ಹೇಳಿ ಮಾಡಿಸಿದಂತಿದ್ದ ಪ್ರವಾಸ ಇದು. ಸ್ವಿಟ್ಜರ್ಲೆಂಡಿನ ಕೂರ್‌ನಿಂದ ಇಟಲಿಯ ತಿರಾನೊವರೆಗೆ ಮೀಟರ್ ಗೇಜ್ ಹಳಿ. 55 ಸುರಂಗ, 196 ಸೇತುವೆ, ಸುಮಾರು ನಾಲ್ಕು ಗಂಟೆ. ಹಲ್ಲುಗಾಲಿಯ ಸಹಾಯವಿಲ್ಲದೆ ರೈಲು 2253 ಮೀಟರ್ ಎತ್ತರದ ಓಸ್ಪಿಜಿಯೊ ಬರ್ನಿನಾಕ್ಕೆ ಏರಿ, ತಿರಾನೊದಲ್ಲಿ 429 ಮೀಟರಿಗೆ ಇಳಿಯುತ್ತದೆ. ಹಳಿಯ ಇಳಿಜಾರು ಕೆಲವೆಡೆ 1000ಕ್ಕೆ 70.

ಎಲ್ಲರೂ ಕಾದಿರಿಸುವುದು ದೊಡ್ಡ ಗಾಜಿನ ಬರ್ನಿನಾ ಎಕ್ಸ್‌ಪ್ರೆಸ್. ಅದಕ್ಕೆ ಸೀಟು ಕಾಯ್ದಿರಿಸುವುದು ಕಡ್ಡಾಯ, ಕಿಟಕಿ ತೆರೆಯುವುದಿಲ್ಲ. ಅದೇ ಹಳಿಯ ಮೇಲೆ ಗಂಟೆಗೊಂದರಂತೆ ಮಾಮೂಲು ರೈಲುಗಳೂ ಓಡುತ್ತವೆ. ಕೂರ್‌ನಿಂದ ಸೇಂಟ್ ಮೊರಿಟ್ಸ್‌ಗೆ ಎರಡು ಗಂಟೆ, ಅಲ್ಲಿ ರೈಲು ಬದಲಿಸಿ ತಿರಾನೊ ಕಡೆಗೆ ಇನ್ನೊಂದು ಎರಡೂವರೆ ಗಂಟೆ. ಕಾಯ್ದಿರಿಸಬೇಕಿಲ್ಲ, ಕೆಲವು ಬೋಗಿಗಳ ಕಿಟಕಿ ಇಳಿಸಬಹುದು. ಗಾಳಿಯಾಡುವ ಬೋಗಿ ಆ ವರ್ಷ ಆರೋಗ್ಯಕ್ಕೂ ಬೇಕಿತ್ತು. ಫೋಟೊಕ್ಕಂತೂ ಯಾವತ್ತೂ ಬೇಕು.

ಕೂರ್‌ನಿಂದ ಹೊರಟವರು ಬಲಗಡೆ ಕೂರಿ. ಫಿಲಿಸೂರ್ ಹತ್ತಿರ 65 ಮೀಟರ್ ಎತ್ತರದ ಲ್ಯಾಂಡ್‌ವಾಸರ್ ಸೇತುವೆ ಬಾಗಿ ನೇರವಾಗಿ ಬಂಡೆಯೊಳಗಿನ ಸುರಂಗಕ್ಕೆ ನುಗ್ಗುತ್ತದೆ. ಬೆರ್ಗ್ಯೂನ್‌ನಿಂದ ಪ್ರೇಡಾವರೆಗೆ ಹಳಿ ಸುತ್ತಿ ಸುತ್ತಿ 416 ಮೀಟರ್ ಏರುವಾಗ ಒಂದೇ ಚರ್ಚು ಒಮ್ಮೆ ಈ ಕಿಟಕಿಯಲ್ಲಿ, ಒಮ್ಮೆ ಆ ಕಿಟಕಿಯಲ್ಲಿ ಕಾಣಿಸುತ್ತದೆ. ಲಾಗೊ ಬಿಯಾಂಕೊ ಸರೋವರವೂ ಬಲಕ್ಕೇ. 2091 ಮೀಟರಿನ ಆಲ್ಪ್ ಗ್ರ್ಯೂಮ್ ನಿಲ್ದಾಣಕ್ಕೆ ವಾಹನದ ರಸ್ತೆ ಇಲ್ಲ. ಇಳಿದು ಒಂದು ರೈಲು ಬಿಟ್ಟು ಮುಂದಿನದಕ್ಕೆ ಹತ್ತಿ. ಲೆ ಪ್ರೆಸೆ ದಾಟಿದ ಮೇಲೆ ಪೊಸ್ಕಿಯಾವೊ ಸರೋವರ ಎಡಕ್ಕೆ ಬರುತ್ತದೆ, ಆಗ ಸೀಟು ಬದಲಿಸಿ.

ಬ್ರೂಸಿಯೊದ ವೃತ್ತಾಕಾರದ ಸೇತುವೆ ಸ್ವಿಟ್ಜರ್ಲೆಂಡಿನೊಳಗೇ ಇದೆ. ಕೆಳಗಿಳಿಯುವ ರೈಲು ಪೂರ್ತಿ ಒಂದು ಸುತ್ತು ಹೊಡೆದು, ತಾನು ಈಗಷ್ಟೇ ದಾಟಿದ ಕಮಾನಿನ ಕೆಳಗೇ ಹಾದು ಹೋಗುತ್ತದೆ. ಅದಾದ ಮೇಲೆ ಕಾಂಪೊಕೊಲೊನ್ಯೊ, ಸ್ವಿಸ್ ನೆಲದ ಕೊನೆಯ ನಿಲ್ದಾಣ. ಅಲ್ಲಿ ಇಳಿದು ಎದುರಿನ ರೈಲು ಹಿಡಿದರೆ ಮಾರ್ಗದ ಮುಖ್ಯವಾದುದೆಲ್ಲ ನೋಡಿದಂತಾಯಿತು, ಇಟಲಿಯ ಅರ್ಜಿಯೂ ಬೇಕಾಗಲಿಲ್ಲ, ವಾಪಸಾತಿಯ ಪತ್ರದಲ್ಲಿ ಎರಡನೆಯ ದೇಶದ ಹೆಸರೂ ಬರಲಿಲ್ಲ. ತಿರಾನೊ ಪುಟ್ಟ ಊರು. ಮುಂದೆ ಮಿಲಾನ್‌ಗೆ ಹೋಗುವವರನ್ನು ಬಿಟ್ಟರೆ ಉಳಿದವರು ಕಳೆದುಕೊಳ್ಳುವುದು ಹೆಚ್ಚೇನಿಲ್ಲ. ಮಿಲಾನ್‌ಗೆ ಹೋಗುವವರಿಗೊಂದು ಸೂಕ್ಷ್ಮ: ಇಟಲಿಯ ದೂರದ ರೈಲುಗಳಿಗೆ ಗ್ರೀನ್ ಪಾಸ್ (ಅಲ್ಲಿನ ಕೋವಿಡ್ ಪ್ರಮಾಣಪತ್ರ) ಸೆಪ್ಟೆಂಬರ್ 1ರಿಂದ ಕಡ್ಡಾಯವಾದರೂ ಪ್ರಾದೇಶಿಕ ರೈಲುಗಳಿಗೆ ಬಂದದ್ದು ಡಿಸೆಂಬರ್ 6ರಿಂದ.

ಸ್ವಿಸ್ ಮಾಮೂಲು ಟಿಕೆಟ್ಟಿನ ಬೆಲೆ ತಿಂಗಳ ಮೊದಲು ಕೊಂಡರೂ ಅದೇ, ಅಂದೇ ಬೆಳಿಗ್ಗೆ ಕೊಂಡರೂ ಅದೇ. ಆದ್ದರಿಂದ ಹೊರಡುವ ದಿನವೇ ಕೊಳ್ಳಿ. ಆ ವರ್ಷ 52 ಫ್ರಾಂಕಿನಿಂದ ಶುರುವಾಗುತ್ತಿದ್ದ, ದಿನವಿಡೀ ಓಡಾಡುವ ಸೇವರ್ ಡೇ ಪಾಸ್ ಅಗ್ಗವೇನೋ ಹೌದು, ಆದರೆ ಮೊದಲೇ ಕೊಂಡರಷ್ಟೇ ಆ ದರ, ಮತ್ತು ಹಣ ವಾಪಸಿರಲಿಲ್ಲ. ಅನಿಶ್ಚಿತ ಕಾಲಕ್ಕೆ ಅದು ಹೊಂದುವುದಿಲ್ಲ. ಸೆಪ್ಟೆಂಬರ್ 13ರಿಂದ ರೆಸ್ಟೊರೆಂಟಿನ ಒಳಗೆ ಕೂರಲು ಪ್ರಮಾಣಪತ್ರ ಬೇಕಾಯಿತು. ಹೊರಗಿನ ಮೇಜುಗಳಿಗೆ ಬೇಕಿರಲಿಲ್ಲ.

ಬೋಹಿನ್ ರೈಲು, ಸ್ಲೊವೇನಿಯ

ಯೆಸೆನಿಟ್ಸೆಯಿಂದ ನೋವಾ ಗೊರಿಟ್ಸಾಕ್ಕೆ ಸುಮಾರು ಎರಡು ಗಂಟೆ. 1906ರಲ್ಲಿ ತೆರೆದ ಮಾರ್ಗ, ಪೂರ್ತಿ ಒಂದೇ ದೇಶದೊಳಗೆ. 6 ಕಿಲೋಮೀಟರಿಗೂ ಉದ್ದದ ಸುರಂಗ, ಪಚ್ಚೆ ಬಣ್ಣದ ಸೋಚಾ ನದಿ, ಕೊನೆಯಲ್ಲಿ ಸೊಲ್ಕಾನ್ ಸೇತುವೆ. ಅದರ 85 ಮೀಟರಿನ ಕಮಾನು ರೈಲು ಸೇತುವೆಗಳ ಕಲ್ಲಿನ ಕಮಾನುಗಳಲ್ಲೇ ಅತಿ ದೊಡ್ಡದು.

ಇಲ್ಲಿ ಆಗುವ ತಪ್ಪು ನಿಲ್ದಾಣದ್ದು. ಬ್ಲೆಡ್ ಹೆಸರಿನಲ್ಲಿ ಎರಡು ನಿಲ್ದಾಣಗಳಿವೆ. ಲೆಸ್ಸೆ ಬ್ಲೆಡ್ ಇರುವುದು ಲ್ಯುಬ್ಲ್ಯಾನಾ ಮುಖ್ಯ ಮಾರ್ಗದಲ್ಲಿ, ಊರಿಗೆ 4 ಕಿಲೋಮೀಟರ್. ಬೋಹಿನ್ ಮಾರ್ಗದಲ್ಲಿರುವುದು ಬ್ಲೆಡ್ ಯೆಜೆರೊ, ಸರೋವರದ ಪಡುವಣ ತುದಿಯ ಮೇಲೆ. ಬೋಹಿನ್ ಸರೋವರಕ್ಕೆ ಹೋಗುವವರು ಬೋಹಿನ್‌ಸ್ಕಾ ಬಿಸ್ತ್ರಿಟ್ಸಾದಲ್ಲಿ ಇಳಿದು 6 ಕಿಲೋಮೀಟರ್ ಬಸ್ಸು ಹಿಡಿಯಬೇಕು. ಸರೋವರ ಸುತ್ತು ನಡೆದರೆ 12 ಕಿಲೋಮೀಟರ್. ದಿನಕ್ಕೆ ಬೆರಳೆಣಿಕೆಯಷ್ಟೇ ರೈಲುಗಳು, ವಾರಾಂತ್ಯದಲ್ಲಿ ಇನ್ನೂ ಕಡಿಮೆ, ಆದ್ದರಿಂದ ಇಳಿಯುವ ಮೊದಲೇ ಮುಂದಿನ ರೈಲಿನ ಹೊತ್ತು ಬರೆದುಕೊಳ್ಳಿ.

ನೋವಾ ಗೊರಿಟ್ಸಾ ನಿಲ್ದಾಣದ ಎದುರಿನ ಚೌಕದ ಆಚೆಯರ್ಧ ಇಟಲಿ. 2020ರ ಮಾರ್ಚಿನಲ್ಲಿ ಚೌಕದ ನಡುವೆ ಬೇಲಿ ಎದ್ದಿತ್ತು. 2021ರಲ್ಲಿ ಬೇಲಿ ಇರಲಿಲ್ಲ, ಆದರೆ ಆಚೆ ಇಟ್ಟ ಹೆಜ್ಜೆ ಕಾಗದದ ಲೆಕ್ಕದಲ್ಲಿ ಮತ್ತೊಂದು ದೇಶವೇ.

ಐಸ್‌ಲೆಂಡ್

2021ರ ಮಾರ್ಚ್ 19ರಂದು ಫಾಗ್ರದಾಲ್ಸ್‌ಫ್ಯಾಟ್ಲ್ ಬಳಿ ನೆಲ ಬಿರಿದು ಲಾವಾ ಹರಿಯತೊಡಗಿತು. ಏಪ್ರಿಲ್ 6ರಿಂದ ಷೆಂಗೆನ್ (ಒಳಗಡಿಗಳಲ್ಲಿ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಕೂಟ) ಹೊರಗಿನ ಲಸಿಕೆ ಪಡೆದವರಿಗೂ ದ್ವೀಪ ಬಾಗಿಲು ತೆರೆಯಿತು. ಸೆಪ್ಟೆಂಬರ್ 18ರ ತನಕ ಲಾವಾ ಕಾಣಿಸಿತು. ದಕ್ಷಿಣ ಕರಾವಳಿ ರಸ್ತೆಯಲ್ಲಿ ಕಾರು ನಿಲ್ಲಿಸಿ ಮೂರ್ನಾಲ್ಕು ಕಿಲೋಮೀಟರ್ ಗುಡ್ಡದ ದಾರಿ ನಡೆಯಬೇಕಿತ್ತು. ಅಪಾಯ ಲಾವಾಕ್ಕಿಂತ ಗಾಳಿಯಲ್ಲಿರುತ್ತದೆ: ಗಾಳಿ ಬಿದ್ದ ದಿನ ವಿಷಾನಿಲ ತಗ್ಗುಗಳಲ್ಲಿ ಕೂರುತ್ತದೆ. ಗಾಳಿ ಬೆನ್ನಿಗಿರುವಂತೆ, ಎತ್ತರದಲ್ಲೇ ನಿಲ್ಲಬೇಕು. ಎಫ್‌ಎಫ್‌ಪಿ2 ಮಾಸ್ಕ್ ಅನಿಲವನ್ನು ತಡೆಯುವುದಿಲ್ಲ. ಆದರೆ ದ್ವೀಪವಾದ್ದರಿಂದ ಮೇಲಿನ ಎರಡು ಪ್ರವಾಸಗಳಂತೆ ರೈಲು ಹಿಡಿದು ಹಿಂದೆ ಸರಿಯುವ ದಾರಿ ಇಲ್ಲಿಲ್ಲ.

ಹಣ

ವಿಮಾನ ಸಂಸ್ಥೆಯೇ ಹಾರಾಟ ರದ್ದು ಮಾಡಿದರೆ ಒಕ್ಕೂಟದ 261/2004 ನಿಯಮದಂತೆ 7 ದಿನದೊಳಗೆ ದುಡ್ಡು ವಾಪಸ್ ಬರಬೇಕು. ವೋಚರ್ ಕೊಡಬಹುದು, ನೀವು ಒಪ್ಪಿದರೆ ಮಾತ್ರ. ಆದರೆ ವಿಮಾನ ಹಾರುತ್ತಿದ್ದು, ಗಡಿಯ ನಿಯಮದಿಂದಾಗಿ ನಿಮಗೆ ಹತ್ತಲಾಗದಿದ್ದರೆ ಈ ಹಕ್ಕು ಸಿಗುವುದಿಲ್ಲ. ಅವಸರಕ್ಕೆ ಬಿದ್ದು ನೀವೇ ರದ್ದು ಮಾಡಿದರೂ ಸಿಗುವುದಿಲ್ಲ, ಆದ್ದರಿಂದ ಸಂಸ್ಥೆಯ ತೀರ್ಮಾನಕ್ಕೆ ಕೊನೆಯ ದಿನದವರೆಗೂ ಕಾಯಿರಿ. ಪ್ಯಾಕೇಜ್ ಪ್ರವಾಸ ರದ್ದಾದರೆ ಮರುಪಾವತಿಗೆ 14 ದಿನಗಳ ಗಡುವು.

ಹೋಟೆಲಿನಲ್ಲಿ ಉಚಿತ ರದ್ದತಿ ಎಂದು ಬರೆದ ಕಡೆ ಯಾವ ದೇಶದ ಗಡಿಯಾರದಲ್ಲಿ ಎಷ್ಟು ಗಂಟೆಯವರೆಗೆ ಎಂದು ನೋಡಿ. ವಿಮೆಯ ಪತ್ರದಲ್ಲಿ ಸರ್ಕಾರದ ಪ್ರಯಾಣ ಎಚ್ಚರಿಕೆ ಇರುವ ದೇಶಗಳನ್ನು ಹೊರಗಿಟ್ಟಿದ್ದಾರೆಯೇ ಓದಿ. ಅಲ್ಲೇ ಪಾಸಿಟಿವ್ ಬಂದರೆ 10 ದಿನದ ಕೋಣೆ ಬಾಡಿಗೆ, ಊಟ, ಹೊಸ ಟಿಕೆಟ್ ಸೇರಿಸಿ ಎಷ್ಟಾಗುತ್ತದೋ ಅಷ್ಟನ್ನು ಬೇರೆಯಾಗಿ ಎತ್ತಿಟ್ಟು ಹೊರಡಿ. ಆ ಮೊತ್ತ ಕೈಯಲ್ಲಿಲ್ಲದಿದ್ದರೆ ಆ ವರ್ಷ ಸ್ವಂತ ಕಾರಿನಲ್ಲಿ ಮರಳಬಹುದಾದ ದೂರದೊಳಗೇ ಸುತ್ತಿ.