ಅಜ್ಜಿಯನ್ನು ಶಾಲೆಗೆ ಕಳುಹಿಸುವ ಮುನ್ನ

ಇಳಿವಯಸ್ಸಿನ ಸ್ವಯಂಸೇವೆ ಎಂದೊಡನೆ ನಮ್ಮ ನೆನಪಿಗೆ ಬರುವವರು ನಿವೃತ್ತ ಶಿಕ್ಷಕರು, ಬ್ಯಾಂಕ್ ನೌಕರರು, ಅಂದರೆ ತಿಂಗಳ ಪಿಂಚಣಿಯ ಭರವಸೆ ಇರುವವರು. ಮನೆಗೆಲಸ, ಹೊಲದ ಕೂಲಿ, ಬೀಡಿ ಕಟ್ಟುವುದು, ಹೂ ಮಾರುವುದು ಇಂಥ ದುಡಿಮೆಯಲ್ಲೇ ಅರವತ್ತು ದಾಟಿದ ಹೆಂಗಸರನ್ನು ಈ ಕೆಲಸಕ್ಕೆ ಯಾರೂ ಕರೆಯುವುದಿಲ್ಲ. ಅವರಿಗೇ ಸಹಾಯ ಬೇಕಾಗಿರುವಾಗ ಅವರಿಂದ ಇನ್ನೊಬ್ಬರಿಗೆ ಏನು ಸಹಾಯವಾದೀತು ಎಂಬ ಎಣಿಕೆ ಇದರ ಹಿಂದಿದೆ. ಈ ಎಣಿಕೆಯಿಂದಾಗಿ, ಅವರ ಆರೋಗ್ಯಕ್ಕೆ ಒದಗಬಹುದಾದ ಒಂದು ಒಳ್ಳೆಯ ದಾರಿಯೇ ಮುಚ್ಚಿಹೋಗುತ್ತಿದೆ.

ಆ ದಾರಿಯನ್ನು ಎಚ್ಚರದಿಂದ ಅಳೆದು ನೋಡಿದ ಊರು ಅಮೆರಿಕದ ಬಾಲ್ಟಿಮೋರ್. ಅಲ್ಲಿನ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದ ವೈದ್ಯೆ ಲಿಂಡಾ ಫ್ರೀಡ್ ಮತ್ತು ಅವರ ತಂಡ ‘ಎಕ್ಸ್‌ಪೀರಿಯನ್ಸ್ ಕೋರ್’ ಎಂಬ ಕಾರ್ಯಕ್ರಮದ ಮೂಲಕ ಅರವತ್ತು ದಾಟಿದವರನ್ನು ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ವಾರಕ್ಕೆ ಕನಿಷ್ಠ 15 ಗಂಟೆ ಕಳುಹಿಸಿತು. ಚಿಕ್ಕ ಮಕ್ಕಳಿಗೆ ಓದು ಕಲಿಸಲು ನೆರವಾಗುವುದು, ಗ್ರಂಥಾಲಯ ನೋಡಿಕೊಳ್ಳುವುದು, ಜಗಳವಾಡುವ ಮಕ್ಕಳನ್ನು ಸಮಾಧಾನಪಡಿಸುವುದು ಅವರ ಕೆಲಸವಾಗಿತ್ತು. ಓಡಾಟದ ಖರ್ಚಿಗೆಂದು ಸಣ್ಣ ಮೊತ್ತವೂ ಸಿಗುತ್ತಿತ್ತು. 60ರಿಂದ 86 ವರ್ಷದ 128 ಜನರನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನದ ವರದಿ 2004ರಲ್ಲಿ ಪ್ರಕಟವಾಯಿತು. ನಾಲ್ಕರಿಂದ ಎಂಟು ತಿಂಗಳ ನಂತರ ನೋಡಿದಾಗ, ಶಾಲೆಗೆ ಹೋದವರ ಓಡಾಟವೂ ದೇಹಬಲವೂ ಹೆಚ್ಚಿದ್ದವು. ನಡಿಗೆಯ ವೇಗ ಉಳಿದವರಷ್ಟು ಕುಗ್ಗಿರಲಿಲ್ಲ. ಕಷ್ಟಕ್ಕೆ ಆಗುವವರು ಎಂದು ಅವರು ಹೇಳಿಕೊಳ್ಳಬಹುದಾದ ಜನರ ಸಂಖ್ಯೆಯೂ ಏರಿತ್ತು.

ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದದ್ದು ಇದೇ ಕಾರ್ಯಕ್ರಮದ ಬಗೆಗಿನ 2009ರ ವರದಿ. ಕಡಿಮೆ ಆದಾಯದ, ಹೆಚ್ಚು ಓದದ ಎಂಟು ಆಫ್ರಿಕನ್-ಅಮೆರಿಕನ್ ವೃದ್ಧೆಯರ ಮಿದುಳನ್ನು ಸ್ಕ್ಯಾನ್ ಮಾಡಿ, ಅಂಥದೇ ಹಿನ್ನೆಲೆಯ, ಆದರೆ ಇನ್ನೂ ಸೇವೆಗೆ ಸೇರದ ಒಂಬತ್ತು ಜನರೊಂದಿಗೆ ಹೋಲಿಸಲಾಯಿತು. ಗೊಂದಲದ ನಡುವೆಯೂ ಗಮನವನ್ನು ಒಂದೆಡೆ ನಿಲ್ಲಿಸಲು ಬೇಕಾದ ಮಿದುಳಿನ ಮುಂಭಾಗ ಸೇವೆಗೆ ಹೋದವರಲ್ಲಿ ಮೊದಲಿಗಿಂತ ಚುರುಕಾಗಿತ್ತು. ಎಂಟೇ ಜನರ ಅಧ್ಯಯನವಾದ್ದರಿಂದ ಇದನ್ನು ಅಂತಿಮ ತೀರ್ಪೆಂದು ನಾನು ಹೇಳಲಾರೆ. ಆದರೆ ಇದರ ಕಾರಣ ಊಹೆಗೆ ನಿಲುಕುವಂಥದ್ದೇ: ಇಪ್ಪತ್ತು ಮಕ್ಕಳ ಹೆಸರು ನೆನಪಿಡಬೇಕು, ಹೊತ್ತಿಗೆ ಸರಿಯಾಗಿ ಹೊರಡಬೇಕು, ಮೆಟ್ಟಿಲು ಹತ್ತಬೇಕು, ಅಳುವ ಮಗುವಿಗೆ ಆ ಕ್ಷಣದಲ್ಲೇ ಏನಾದರೊಂದು ಉಪಾಯ ಹುಡುಕಬೇಕು. “ಆರೋಗ್ಯಕ್ಕಾಗಿ ನಡೆಯಿರಿ” ಎಂದರೆ ನಾಲ್ಕು ದಿನ ನಡೆದು ಬಿಡುವವರು, ಮಗುವೊಂದು ಕಾಯುತ್ತಿದೆ ಎಂದರೆ ಬಿಡದೆ ನಡೆಯುತ್ತಾರೆ.

ಇದನ್ನು ನಮ್ಮ ಊರಿನಲ್ಲಿ, ನಮ್ಮ ಬೀದಿಯ ಒಬ್ಬ ತಾಯಿಗೆ ಒದಗಿಸುವುದು ಹೇಗೆ? ಮೊದಲು ಮಾಡಬೇಕಾದದ್ದು ಅವರ ಜಗುಲಿಯ ಮೇಲೆ ಕುಳಿತು, ಅವರಿಗೆ ಏನೇನು ಗೊತ್ತಿದೆ ಎಂದು ಕೇಳುವುದು. ಕೇಳಿದ ಕೂಡಲೇ ಉತ್ತರ ಬರುವುದಿಲ್ಲ. “ನಂಗೇನ್ ಬತ್ತದೆ ಕಣವ್ವ, ನಾನು ಹೆಬ್ಬೆಟ್ಟು” ಎಂದರು ನಾನು ಮೊದಲು ಮಾತನಾಡಿಸಿದ, ಜೀವನಪೂರ್ತಿ ಕಳೆ ಕೀಳುವ ಕೂಲಿಗೆ ಹೋದ ಅಜ್ಜಿ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅವರು ಅಣ್ಣೆಸೊಪ್ಪು, ಗೋಣಿಸೊಪ್ಪು, ಹೊನಗೊನ್ನೆ ಎಂದು ಬೆರಕೆಸೊಪ್ಪಿನ ಹೆಸರುಗಳನ್ನು ಬೆರಳು ಮಡಿಸುತ್ತ ಎಣಿಸಿದ್ದರು; ಯಾವುದು ಮಳೆ ಬಿದ್ದ ಎಷ್ಟು ದಿನಕ್ಕೆ ಏಳುತ್ತದೆ, ಯಾವುದನ್ನು ಎಳೆಯದಾಗಿರುವಾಗಲೇ ಚಿವುಟಬೇಕು ಎಂದು ವಿವರಿಸಿದ್ದರು; ರಾಗಿ ಬೀಸುವ ಪದವೊಂದನ್ನು ಕೊನೆಯವರೆಗೂ ಹಾಡಿದ್ದರು. ಕೌದಿ ಹೊಲಿಯುವುದು, ಬೀಜ ಕಾಪಿಡುವುದು, ಒಗಟು, ಕಥೆ ಎಲ್ಲವನ್ನೂ ಒಂದು ಕಾಗದದಲ್ಲಿ ಬರೆದುಕೊಂಡು ಅವರಿಗೇ ಓದಿ ಹೇಳಬೇಕು. ಆ ಪಟ್ಟಿ ಮುಂದೆ ಶಾಲೆಯವರ ಮುಂದಿಡಲಿಕ್ಕೂ ಬೇಕಾಗುತ್ತದೆ.

ಎರಡನೆಯದು ಲೆಕ್ಕ. ಬಡ ಮಹಿಳೆಗೆ ಎರಡು ಗಂಟೆಯ ಸೇವೆ ಎಂದರೆ ಎರಡು ಗಂಟೆಯ ಗಳಿಕೆ ಕೈಬಿಟ್ಟಂತೆಯೂ ಆಗಬಹುದು. ಆದ್ದರಿಂದ ಬೆಳಿಗ್ಗೆ ಹೂ ಕಟ್ಟುವವರನ್ನು ಬೆಳಿಗ್ಗೆ ಕರೆಯಬಾರದು; ಪಡಿತರ ಕೊಡುವ ದಿನ, ಸಂತೆಯ ದಿನ, ಮೊಮ್ಮಕ್ಕಳನ್ನು ನೋಡಿಕೊಳ್ಳಬೇಕಾದ ಹೊತ್ತು ಇವನ್ನೆಲ್ಲ ಬಿಟ್ಟು ಉಳಿದ ಸಮಯವನ್ನು ಅವರಿಂದಲೇ ಕೇಳಿ ಗೊತ್ತುಮಾಡಬೇಕು. ಬಸ್ಸಿನ ಖರ್ಚಿನ ಚಿಂತೆ 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ನಂತರ ರಾಜ್ಯದ ಮಹಿಳೆಯರಿಗೆ ಬಹುಮಟ್ಟಿಗೆ ತಪ್ಪಿದೆ; ಸಾರಿಗೆ ನಿಗಮಗಳ ಸಾಮಾನ್ಯ ಬಸ್ಸುಗಳಿಗೆ ಅದು ಅನ್ವಯಿಸುತ್ತದೆ, ರಾಜ್ಯದವರೆಂದು ತೋರಿಸಲು ವಿಳಾಸವಿರುವ ಗುರುತಿನ ಚೀಟಿ ಕೈಚೀಲದಲ್ಲಿರಲಿ. ಆದರೂ ನಡೆದು ಹೋಗುವಷ್ಟು ದೂರದ ಜಾಗವೇ ಉತ್ತಮ, ಏಕೆಂದರೆ ಲಾಭದ ಒಂದು ಪಾಲು ಆ ನಡಿಗೆಯಲ್ಲೇ ಇದೆ. ಚಹಾ, ತಿಂಡಿ, ಆಟೋ ಇವುಗಳ ಖರ್ಚನ್ನು ಕರೆದವರು ಭರಿಸಬೇಕು. ಸಂಧ್ಯಾ ಸುರಕ್ಷಾ ಯೋಜನೆಯ ತಿಂಗಳ 1,200 ರೂಪಾಯಿ ಪಿಂಚಣಿಯೇ ಆಧಾರವಾಗಿರುವವರಿಗೆ ಎಲ್ಲಿ ಹೆಸರು ಬರೆಸಿದರೆ ಹಣ ನಿಂತುಹೋದೀತೋ ಎಂಬ ಅಂಜಿಕೆ ಇರುತ್ತದೆ. ಇದು ನೌಕರಿಯಲ್ಲ, ಇದಕ್ಕೆ ಸಂಬಳವಿಲ್ಲ ಎಂಬುದನ್ನು ಮನೆಯವರೆಲ್ಲ ಇರುವಾಗ ಒಮ್ಮೆ ಬಿಡಿಸಿ ಹೇಳುವುದು ಒಳ್ಳೆಯದು.

ಜಾಗ ಹುಡುಕುವುದು ಅಷ್ಟು ಕಷ್ಟವಲ್ಲ. ಅಂಗನವಾಡಿ, ಸರ್ಕಾರಿ ಪ್ರಾಥಮಿಕ ಶಾಲೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯ ಇವುಗಳಲ್ಲಿ ಒಂದಾದರೂ ಬಹುತೇಕ ಊರುಗಳಲ್ಲಿದೆ. ಶಾಲೆಯಾದರೆ ಮುಖ್ಯ ಶಿಕ್ಷಕರನ್ನೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರನ್ನೂ, ಅಂಗನವಾಡಿಯಾದರೆ ಕಾರ್ಯಕರ್ತೆಯನ್ನೂ ಮೇಲ್ವಿಚಾರಕಿಯನ್ನೂ ಕಂಡು ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಬೇಕು.

ಈ ಒಪ್ಪಿಗೆ ಪತ್ರದಲ್ಲಿ ಏನು ಕೆಲಸ, ವಾರದಲ್ಲಿ ಯಾವ ಎರಡು ದಿನ, ಎಷ್ಟು ಹೊತ್ತು ಎಂಬುದರ ಜೊತೆಗೆ, ಏನು ಕೆಲಸ ಅಲ್ಲ ಎಂಬುದೂ ಇರಲೇಬೇಕು. ಇದನ್ನು ನಾನು ನೊಂದು ಕಲಿತಿದ್ದೇನೆ. ಮೇಲೆ ಹೇಳಿದ ಅಜ್ಜಿಯನ್ನು ಒಂದು ಶಾಲೆಗೆ ಕಥೆ ಹೇಳಲೆಂದು ಬಿಟ್ಟು ಬಂದು, ಎರಡು ವಾರದ ನಂತರ ಹೋಗಿ ನೋಡಿದರೆ ಅವರು ಅಡುಗೆ ಕೋಣೆಯ ಹಿಂದೆ ಮೊರ ಹಿಡಿದು ಅಕ್ಕಿ ಕೇರುತ್ತಿದ್ದರು. ಯಾರೂ ಗದರಿಸಿ ಹೇಳಿರಲಿಲ್ಲ. ಸುಮ್ಮನೆ ಕುಳಿತಿದ್ದೀರಲ್ಲ ಎಂದು ಯಾರೋ ಅಂದರಂತೆ, ಇವರು ಎದ್ದರಂತೆ, ಅಷ್ಟೇ. ಐವತ್ತು ವರ್ಷ ಹೊತ್ತ ದುಡಿಮೆಯನ್ನೇ ಕೂಲಿಯಿಲ್ಲದೆ ಹೊರಿಸುವುದಕ್ಕೆ ಸೇವೆ ಎಂಬ ಹೆಸರು ಸಲ್ಲದು; ಅದರಿಂದ ಮೊಣಕಾಲಿಗೂ ಮನಸ್ಸಿಗೂ ಯಾವ ಉಪಕಾರವೂ ಇಲ್ಲ. ಕಸ ಗುಡಿಸುವುದು, ಪಾತ್ರೆ ತೊಳೆಯುವುದು, ಅಕ್ಕಿ ಕೇರುವುದು, ನೀರು ಹೊರುವುದು ಇವನ್ನು ಹೆಸರು ಹಿಡಿದು ಬರೆದು ‘ಇಲ್ಲ’ ಎನ್ನಿಸಿಕೊಳ್ಳಿ.

ಹಾಗಾದರೆ ಏನು ಮಾಡಬೇಕು? ಅಳಗುಳಿಮಣೆಯನ್ನು ನೋಡಿ. ಹದಿನಾಲ್ಕು ಗುಳಿಗೆ ಐದೈದರಂತೆ ಹುಣಸೆಬೀಜ ಹಾಕಿದರೆ ಒಟ್ಟು 70. ಎರಡನೇ ತರಗತಿಯ ಮಗು ಅದನ್ನು ಒಂದೊಂದಾಗಿ ಎಣಿಸುವಾಗ, ಅಜ್ಜಿ ಐದರ ಗುಂಪನ್ನು ಕಣ್ಣಿನಲ್ಲೇ ಎಣಿಸಿ, ಬೀಜವನ್ನು ಬೆರಳ ಸಂದಿಯಿಂದ ಒಂದೊಂದೇ ಗುಳಿಗೆ ಜಾರಿಸುತ್ತ, ತನ್ನ ಕೊನೆಯ ಬೀಜ ಎಲ್ಲಿ ಬೀಳುತ್ತದೆ ಎಂದು ಮೊದಲೇ ಹೇಳಿಬಿಡುತ್ತಾರೆ. ಮಗು ಬೆರಗಿನಿಂದ ಅವರ ಮುಖ ನೋಡುತ್ತದೆ. ಮಗುವಿಗೆ ಐದರ ಮಗ್ಗಿ ಬರುತ್ತದೆ, ಅಜ್ಜಿಗೆ ತನ್ನ ಲೆಕ್ಕದ ಮೇಲೆ ನಂಬಿಕೆ ಬರುತ್ತದೆ, ಮತ್ತು ಅಕ್ಷರ ಬಾರದೆಂಬ ಸಂಕೋಚ ಆ ಹೊತ್ತಿಗೆ ಇಬ್ಬರ ನಡುವೆಯೂ ಇರುವುದಿಲ್ಲ. ಬ್ಯಾಗಿಲ್ಲದ ಶನಿವಾರಗಳು ಇಂಥ ಆಟಕ್ಕೂ, ಸೊಪ್ಪು ಗುರುತಿಸಲು ಶಾಲೆಯ ಸುತ್ತ ಸುತ್ತಾಡುವುದಕ್ಕೂ ಹೇಳಿ ಮಾಡಿಸಿದ ದಿನಗಳು.

ಒಬ್ಬರನ್ನೇ ಕಳುಹಿಸದೆ ಕನಿಷ್ಠ ಇಬ್ಬರು ಗೆಳತಿಯರನ್ನು ಜೊತೆಯಾಗಿ ಕಳುಹಿಸಿ. ಬಾಲ್ಟಿಮೋರ್‌ನಲ್ಲಿಯೂ ಹಿರಿಯರು ಶಾಲೆಗೆ ತಂಡವಾಗಿಯೇ ಹೋಗುತ್ತಿದ್ದರು, ಅದಕ್ಕೂ ಮೊದಲು ತರಬೇತಿ ಪಡೆದಿರುತ್ತಿದ್ದರು. ನಮ್ಮಲ್ಲಿ ಎರಡು ಮಧ್ಯಾಹ್ನದ ತಯಾರಿ ಸಾಕು: ಮಗುವನ್ನು ಹೊಡೆಯಬಾರದು, ಜಾತಿ ಕೇಳಬಾರದು, ಮಾತ್ರೆ ಮದ್ದು ಕೊಡಬಾರದು, ಏನಾದರೂ ಅನುಮಾನ ಬಂದರೆ ಶಿಕ್ಷಕಿಗೆ ತಿಳಿಸಬೇಕು. ಶಾಲೆಯವರು ಒರಗುವ ಕುರ್ಚಿ, ಕುಡಿಯುವ ನೀರು, ಬಾಗಿಲ ಚಿಲಕ ಸರಿಯಿರುವ ಶೌಚಾಲಯ ಇವನ್ನು ಒದಗಿಸಬೇಕು. ಶೌಚಾಲಯದ ಮಾತನ್ನು ಅಜ್ಜಿಯರು ತಾವಾಗಿ ಎತ್ತುವುದಿಲ್ಲ; ನೀರು ಕುಡಿಯುವುದನ್ನೇ ನಿಲ್ಲಿಸಿಬಿಡುತ್ತಾರೆ. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವ ಹೊತ್ತು ಯಾವುದೆಂದು ಕೇಳಿಕೊಂಡೇ ಸಮಯ ಗೊತ್ತುಮಾಡಿ.

ಉಪಯೋಗವಾಗುತ್ತಿದೆಯೇ ಎಂದು ತಿಳಿಯಲು ಯಂತ್ರವೇನೂ ಬೇಕಿಲ್ಲ. ಕುರ್ಚಿಯಿಂದ ಕೈ ಊರದೆ ಐದು ಸಲ ಎದ್ದು ಕೂರಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದನ್ನು ಮೊದಲ ದಿನ, ಪಕ್ಕದಲ್ಲಿ ಒಬ್ಬರು ನಿಂತು, ಮೊಬೈಲ್ ಗಡಿಯಾರದಲ್ಲಿ ನೋಡಿ ಬರೆದಿಡಿ. ಮೂರು ತಿಂಗಳ ನಂತರ ಮತ್ತೆ ನೋಡಿ. ನಿದ್ದೆ ಹೇಗಿದೆ, ದಾರಿಯಲ್ಲಿ ಎಷ್ಟು ಜನ ನಿಂತು ಮಾತನಾಡಿಸುತ್ತಾರೆ, ಆ ತಿಂಗಳು ಕೈಯಿಂದ ಹಣವೇನಾದರೂ ಹೋಯಿತೇ ಎಂದೂ ಕೇಳಿ. ಮೂರನೆಯ ಪ್ರಶ್ನೆಗೆ ಹೌದು ಎಂಬ ಉತ್ತರ ಬಂದರೆ ನಿಮ್ಮ ಲೆಕ್ಕವನ್ನು ಮೊದಲಿನಿಂದ ಮಾಡಬೇಕು. ಸಾಕು ಎನಿಸಿದರೆ ಯಾವ ಕಾರಣವನ್ನೂ ಹೇಳದೆ ನಿಲ್ಲಿಸುವ ಹಕ್ಕು ಅವರಿಗಿದೆ ಎಂಬುದನ್ನು ಆಗಾಗ ನೆನಪಿಸುತ್ತಿರಿ.

ಕೊನೆಯ ಏರ್ಪಾಡು ಸಣ್ಣದು, ಆದರೆ ನಾನು ಇದನ್ನು ಎಲ್ಲಕ್ಕಿಂತ ಮುಖ್ಯವೆಂದು ತಿಳಿದಿದ್ದೇನೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ, ಅವರ ಮನೆಗೆ ಹತ್ತಿರವಿರುವ ಒಬ್ಬರ ಹೆಸರನ್ನು ಬರೆದಿಡಿ. ಅಜ್ಜಿ ಹೇಳದೆ ಕೇಳದೆ ಒಂದು ದಿನ ಬಾರದಿದ್ದರೆ ಅಂದು ಸಂಜೆಯೊಳಗೆ ಆ ಒಬ್ಬರು ಹೋಗಿ ಬಾಗಿಲು ತಟ್ಟಬೇಕು. ಜ್ವರವಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ಮನೆಯಲ್ಲಿ ಊಟ ಹಾಕುತ್ತಿಲ್ಲ, ಹೊಡೆಯುತ್ತಾರೆ ಎಂಬಂಥ ಸಂಗತಿ ಗೊತ್ತಾದರೆ ಹಿರಿಯ ನಾಗರಿಕರ ಸಹಾಯವಾಣಿ 14567ಕ್ಕೆ ಕರೆ ಮಾಡಬೇಕು. ಏನೂ ಇಲ್ಲದೆ ಸುಮ್ಮನೆ ಬೇಸರವಾಗಿ ಮಲಗಿದ್ದರೆ, ಮಕ್ಕಳು ಕೇಳುತ್ತಿದ್ದರು ಎಂದು ಹೇಳಿ ಸ್ವಲ್ಪ ಹೊತ್ತು ಕುಳಿತು ಬರಬೇಕು.